ಜಿಐ ಪೈಪ್ ಫಿಟಿಂಗ್: ಬೆಂಗಳೂರಿನ ಮನೆಗೆ ಆರಿಸುವುದರಿಂದ ಹಿಡಿದು ನೀರು ಬಿಡುವವರೆಗೆ

ತುಕ್ಕು ಹಿಡಿದ ಹಳೇ ಜಿಐ (ಗ್ಯಾಲ್ವನೈಸ್ಡ್ ಐರನ್, ಅಂದರೆ ಸತು ಲೇಪಿಸಿದ ಉಕ್ಕಿನ) ಲೈನನ್ನು ಬಿಚ್ಚಿ ನೋಡಿ. ಪೈಪಿನ ನಡುಭಾಗ ಎಷ್ಟೋ ಸಲ ಇನ್ನೂ ಗಟ್ಟಿಯಾಗಿಯೇ ಇರುತ್ತದೆ. ಜಿನುಗುವುದು, ತೂತು ಬೀಳುವುದು, ರೆಂಚ್ ಹಾಕಿದ ಕೂಡಲೇ ಮುರಿದು ಕೈಗೆ ಬರುವುದು ಎಲ್ಲವೂ ಜಾಯಿಂಟಿನ ಪಕ್ಕದ ಒಂದೆರಡು ಇಂಚಿನಲ್ಲೇ. ಕಾರ್ಖಾನೆಯಲ್ಲಿ ಉಕ್ಕಿನ ಪೈಪನ್ನು ಸುಮಾರು 450 ಡಿಗ್ರಿ ಕಾವಿನ ಕರಗಿದ ಸತುವಿನಲ್ಲಿ ಅದ್ದಿ ತೆಗೆಯುತ್ತಾರೆ. ಒಳಗೂ ಹೊರಗೂ ಸತು ಹತ್ತುತ್ತದೆ. ಆ ಸತು ನಿಧಾನವಾಗಿ ತಾನು ಸವೆಯುತ್ತಾ ಉಕ್ಕನ್ನು ಕಾಯುತ್ತದೆ. ಆಮೇಲೆ ನಮ್ಮ ಮನೆಯ ಅಂಗಳದಲ್ಲಿ ಪೈಪಿನ ತುದಿಗೆ ಡೈ ಎಂಬ ಉಪಕರಣ ಹಾಕಿ ಥ್ರೆಡ್, ಅಂದರೆ ಸ್ಕ್ರೂವಿನಂಥ ಹಲ್ಲು, ಕೊಯ್ದಾಗ ಆ ಜಾಗದ ಹೊರಗಿನ ಸತು ಹೋಗುತ್ತದೆ, ಪೈಪಿನ ಗೋಡೆಯೂ ತೆಳ್ಳಗಾಗುತ್ತದೆ. ಇಡೀ ಲೈನಿನ ಅತಿ ದುರ್ಬಲ ಜಾಗವನ್ನು ಕೆಲಸದ ದಿನ ನಾವೇ ಕೈಯಾರೆ ಮಾಡುತ್ತೇವೆ. ಹಾಗಾಗಿ ಪೈಪಿಗಿಂತ ಪೈಪುಗಳನ್ನು ಜೋಡಿಸುವ ಫಿಟಿಂಗ್‌ಗೆ, ಫಿಟಿಂಗ್‌ಗಿಂತ ಥ್ರೆಡ್ಡಿಗೆ ಹೆಚ್ಚು ಗಮನ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ತೀರ್ಮಾನಿಸಿ: ಇಲ್ಲಿ ಜಿಐ ಬೇಕೇ?

ಇವತ್ತು ಬೆಂಗಳೂರಿನಲ್ಲಿ ಹೊಸ ಮನೆ ಕಟ್ಟುವವರು ಗೋಡೆಯೊಳಗಿನ ಲೈನಿಗೆ ಹೆಚ್ಚಾಗಿ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪು ಹಾಕಿಸುತ್ತಾರೆ. ಅದು ಸರಿಯಾದ ನಿರ್ಧಾರವೇ. ಆದರೆ ಜಿಐಗೆ ಅದರದ್ದೇ ಜಾಗಗಳಿವೆ. ಮೋಟಾರಿನ ಅಕ್ಕಪಕ್ಕ, ಅಂದರೆ ನಡುಕವೂ ತೂಕವೂ ಇರುವ ಕಡೆ. ತಾರಸಿಯಲ್ಲಿ ದಿನವಿಡೀ ಬಿಸಿಲು ತಿನ್ನುವ ಲೈನು. ಗಾಡಿ ತಾಗಬಹುದಾದ ಗೇಟಿನ ಪಕ್ಕ. ಕಾಂಪೌಂಡಿನಲ್ಲಿ ಒಂಟಿಯಾಗಿ ನಿಲ್ಲಿಸುವ ನಲ್ಲಿ. ಬೋರ್‌ವೆಲ್ಲಿಗೆ ಇಳಿಬಿಡುವ ಪೈಪು. ಇಂಥ ಕಡೆ ಪ್ಲಾಸ್ಟಿಕ್ ಸೀಳುತ್ತದೆ ಇಲ್ಲವೇ ಬಾಗುತ್ತದೆ, ಜಿಐ ನಿಲ್ಲುತ್ತದೆ.

ಹಾಕಬಾರದ ಜಾಗಗಳೂ ಅಷ್ಟೇ ಸ್ಪಷ್ಟ. ಮೊದಲನೆಯದು ಬಿಸಿನೀರು. ನಮ್ಮೂರಿನ ತಾರಸಿಗಳ ಮೇಲೆ ಸೋಲಾರ್ ಹೀಟರ್ ಇರುವ ಮನೆಗಳು ಬೇಕಾದಷ್ಟಿವೆ, ಬೇಸಿಗೆಯ ಮಧ್ಯಾಹ್ನ ಅದರ ನೀರು 60 ಡಿಗ್ರಿ ದಾಟುವುದು ಮಾಮೂಲು. ಆ ಕಾವಿನ ಆಚೆ ಕೆಲವು ಬಗೆಯ ನೀರಿನಲ್ಲಿ ಸತು ಮತ್ತು ಕಬ್ಬಿಣದ ಸಂಬಂಧವೇ ತಿರುಗುಮುರುಗಾಗುತ್ತದೆ: ಸತು ಉಕ್ಕನ್ನು ಕಾಯುವ ಬದಲು ಉಕ್ಕೇ ಮೊದಲು ಸವೆಯತೊಡಗುತ್ತದೆ. ಗಡಸು ನೀರಿನ ಸುಣ್ಣವೂ ಬಿಸಿಯಾದಾಗಲೇ ಬೇಗ ಕಟ್ಟಿಕೊಳ್ಳುತ್ತದೆ. ಸೋಲಾರಿನಿಂದ ಕೆಳಗಿಳಿಯುವ ಲೈನಿಗೆ ಜಿಐ ಹಾಕಿಸಬೇಡಿ.

ಎರಡನೆಯದು ತಾಮ್ರದ ಮುಂದಿನ ಲೈನು. ನೀರು ಮೊದಲು ತಾಮ್ರದ ಕೊಳವೆಯಲ್ಲಿ ಹರಿದು ಆಮೇಲೆ ಜಿಐಗೆ ಬಂದರೆ, ಕರಗಿ ಬಂದ ತಾಮ್ರದ ಕಣಗಳು ಸತುವಿನ ಮೇಲೆ ಕೂತು ಅಲ್ಲಲ್ಲಿ ಗುಳಿ ಕೊರೆಯುತ್ತವೆ. ಮೊದಲು ಜಿಐ, ಆಮೇಲೆ ತಾಮ್ರ ಎಂಬ ಕ್ರಮವಿದ್ದರೆ ತೊಂದರೆ ಕಡಿಮೆ. ಮೂರನೆಯದು ಬಚ್ಚಲು ಮನೆಯ ಗೋಡೆಯೊಳಗೆ. ಸದಾ ತೇವ ಇರುವ ಸಿಮೆಂಟು, ಜಿಪ್ಸಂ ಎರಡೂ ಸತುವಿಗೆ ಆಗಿಬರುವುದಿಲ್ಲ. ಬೇರೆ ದಾರಿಯೇ ಇಲ್ಲದಿದ್ದರೆ ಬಿಟುಮಿನ್ ಬಳಿದು, ಪೈಪಿಗೆ ಸುತ್ತುವ ತುಕ್ಕುನಿರೋಧಕ ಟೇಪನ್ನು ಅರ್ಧಕ್ಕರ್ಧ ಮೇಲೆ ಬರುವಂತೆ ಸುತ್ತಿ ಆಮೇಲೆ ಮುಚ್ಚಿಸಿ. ಪೈಪು ತಿರುಗಿಸದೆಯೇ ಬಿಚ್ಚಬಹುದಾದ ಯೂನಿಯನ್ ಎಂಬ ಜಾಯಿಂಟನ್ನು ಮಾತ್ರ ಯಾವ ಕಾರಣಕ್ಕೂ ಗೋಡೆಯೊಳಗೆ ಹೂಳಬೇಡಿ.

ನಿಮ್ಮ ಮನೆಗೆ ಬರುವ ನೀರು ಯಾವುದು?

ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡು ಬರುವ ಕಾವೇರಿ ನೀರು ಪೈಪಿಗೆ ಅಷ್ಟೇನೂ ಕಾಟ ಕೊಡುವುದಿಲ್ಲ. ಬೋರ್‌ವೆಲ್ ನೀರಿನ ಮಾತು ಬೇರೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲ ಇಲ್ಲದಾಗ 600ರವರೆಗೆ ಒಪ್ಪಬಹುದು. ಆಳದ ಬೋರ್‌ವೆಲ್ಲುಗಳಲ್ಲಿ ಈ ಅಂಕಿ ಮೇಲಕ್ಕೇ ಇರುವುದು ಸಾಮಾನ್ಯ. ಬಕೆಟ್ಟಿನ ಅಂಚಿನಲ್ಲಿ, ಗೀಸರಿನ ಕಾಯಿಲಿನ ಮೇಲೆ ಬಿಳಿ ಪದರ ಕಟ್ಟುವ ಮನೆಯಾದರೆ ಜಿಐ ಪೈಪಿನೊಳಗೂ ಅದೇ ಆಗುತ್ತದೆ. ಅಂಥ ಮನೆಗೆ ಲೆಕ್ಕಕ್ಕೆ ಬರುವುದಕ್ಕಿಂತ ಒಂದು ಸೈಜು ದೊಡ್ಡ ಪೈಪು ಹಾಕುವುದು ಜಾಣತನ.

ಸಾಮಾನ್ಯ ಅಳತೆ ಹೀಗೆ: ಒಂದೊಂದು ನಲ್ಲಿಗೆ ಅರ್ಧ ಇಂಚು, ಅಂದರೆ 15 ಮಿ.ಮೀ. ಬಚ್ಚಲು, ಅಡುಗೆಮನೆಗೆ ಇಳಿಯುವ ಮುಖ್ಯ ಲೈನಿಗೆ ಮುಕ್ಕಾಲು ಇಂಚು, 20 ಮಿ.ಮೀ. ಸಂಪಿನಿಂದ ತಾರಸಿಯ ಟ್ಯಾಂಕಿಗೆ ಏರಿಸಲು ಒಂದು ಇಂಚು, 25 ಮಿ.ಮೀ. ಈ ಅಂಕಿಗಳು ಪೈಪಿನ ಹೆಸರು ಮಾತ್ರ. ಅರ್ಧ ಇಂಚಿನ ಪೈಪಿನ ಹೊರವ್ಯಾಸ 21.3 ಮಿ.ಮೀ., ಮುಕ್ಕಾಲಿನದು 26.9, ಒಂದು ಇಂಚಿನದು 33.7. ಟೇಪು ಹಿಡಿದು ಹೊರಗಿನ ಅಳತೆ ನೋಡಿ ಅಂಗಡಿಗೆ ಹೋದವರು ತಪ್ಪು ಫಿಟಿಂಗ್ ತರುವುದು ಇಲ್ಲಿಯೇ.

ಎ, ಬಿ, ಸಿ ಕ್ಲಾಸ್

ಐಎಸ್ 1239ರ ಮೊದಲ ಭಾಗ ಪೈಪುಗಳನ್ನು ಲೈಟ್, ಮೀಡಿಯಂ, ಹೆವಿ ಎಂದು ವಿಂಗಡಿಸುತ್ತದೆ. ಅಂಗಡಿಯ ಮಾತಿನಲ್ಲಿ ಎ, ಬಿ, ಸಿ. ಪೈಪಿನ ಮೇಲಿನ ಪಟ್ಟಿಯ ಬಣ್ಣದಿಂದ ಗುರುತಿಸಬಹುದು: ಲೈಟ್ ಹಳದಿ, ಮೀಡಿಯಂ ನೀಲಿ, ಹೆವಿ ಕೆಂಪು. ಅರ್ಧ ಇಂಚಿನ ಪೈಪಿನ ಗೋಡೆಯ ದಪ್ಪ ಲೈಟ್‌ನಲ್ಲಿ ಸುಮಾರು 2 ಮಿ.ಮೀ., ಮೀಡಿಯಂನಲ್ಲಿ 2.6, ಹೆವಿಯಲ್ಲಿ 3.2.

ಈ ವ್ಯತ್ಯಾಸ ಕೇಳಲು ಚಿಕ್ಕದು. ಆದರೆ ಅರ್ಧ ಇಂಚಿನ ಥ್ರೆಡ್ಡಿನ ಆಳವೇ ಸುಮಾರು 1.16 ಮಿ.ಮೀ. ಅಂದರೆ ಥ್ರೆಡ್ ಕೊಯ್ದ ಜಾಗದಲ್ಲಿ ಲೈಟ್ ಪೈಪಿನಲ್ಲಿ ಉಳಿಯುವ ಲೋಹ 0.84 ಮಿ.ಮೀ., ಮೀಡಿಯಂನಲ್ಲಿ 1.44, ಹೆವಿಯಲ್ಲಿ 2 ಮಿ.ಮೀ.ಗಿಂತ ತುಸು ಹೆಚ್ಚು. ಹೊರಗೆ ಸತುವಿಲ್ಲದ ಆ ತೆಳು ಗೋಡೆ ಎಷ್ಟು ಮಳೆಗಾಲ ತಡೆದೀತು? ಲೈಟ್ ಪೈಪನ್ನು ಮೆಟ್ಟಿಲಿನ ಕಂಬಿಗೋ ಚಪ್ಪರಕ್ಕೋ ಬಳಸಿ. ನೀರಿನ ಲೈನಿಗೆ ಕನಿಷ್ಠ ಮೀಡಿಯಂ ಬೇಕು. ಮೋಟಾರಿನ ಪಕ್ಕದ ತುಂಡುಗಳಿಗೆ, ನೆಲದಡಿ ಹೋಗುವ ಲೈನಿಗೆ, ಬೋರ್‌ವೆಲ್ಲಿಗೆ ಹೆವಿ. ಬೋರ್‌ವೆಲ್ಲಿನಲ್ಲಂತೂ ಮೋಟಾರು, ಪೈಪು, ಪೈಪಿನೊಳಗಿನ ನೀರು ಎಲ್ಲದರ ಭಾರವೂ ಎರಡು ಪೈಪು ಕೂಡಿಸುವ ಸಾಕೆಟ್ಟಿನ ಥ್ರೆಡ್ಡುಗಳ ಮೇಲೆ ತೂಗಾಡುತ್ತಿರುತ್ತದೆ.

ಕ್ಲಾಸ್ ಬಗ್ಗೆ ಅನುಮಾನ ಬಂದರೆ ತೂಗಿಸಿ. ಒಂದು ಇಂಚಿನ ಮೀಡಿಯಂ ಪೈಪು ಮೀಟರಿಗೆ ಸುಮಾರು 2.4 ಕೆ.ಜಿ. ತೂಗುತ್ತದೆ, 6 ಮೀಟರಿನ ಒಂದು ಉದ್ದಕ್ಕೆ ಸುಮಾರು 14.5 ಕೆ.ಜಿ. ತಕ್ಕಡಿ 12ರ ಹತ್ತಿರ ತೋರಿಸಿದರೆ ಕೈಗೆ ಬಂದಿರುವುದು ಲೈಟ್ ಪೈಪು, ಮೇಲೆ ಯಾವ ಬಣ್ಣ ಬಳಿದಿದ್ದರೂ ಸರಿ.

ಯಾವ ಫಿಟಿಂಗ್ ಯಾವ ಕೆಲಸಕ್ಕೆ

ದಿಕ್ಕು ತಿರುಗಿಸಲು ಎಲ್ಬೋ ಮತ್ತು ಬೆಂಡ್. ಎಲ್ಬೋ ಗಿಡ್ಡ, ಇಕ್ಕಟ್ಟಿನಲ್ಲಿ ಕೂರುತ್ತದೆ. ಆದರೆ ನೀರಿಗೆ ಅಡ್ಡಿ ಜಾಸ್ತಿ. ಒಂದು ಇಂಚಿನ ಒಂದು ಎಲ್ಬೋ ಸುಮಾರು ಮುಕ್ಕಾಲು ಮೀಟರ್ ನೇರ ಪೈಪಿನಷ್ಟು ತಡೆ ಒಡ್ಡುತ್ತದೆ. ಮೋಟಾರಿನ ಲೈನಿನಲ್ಲಿ ಜಾಗವಿದ್ದರೆ ಉದ್ದನೆಯ ಬೆಂಡನ್ನೇ ಹಾಕಿ. ಒಂದು ಕಡೆ ಹೊರಥ್ರೆಡ್, ಇನ್ನೊಂದು ಕಡೆ ಒಳಥ್ರೆಡ್ ಇರುವ ಎಲ್ಬೋ ಸಿಗುತ್ತದೆ. ಅದರಿಂದ ಒಂದು ನಿಪ್ಪಲ್ಲಿನ (ಎರಡೂ ಕಡೆ ಹೊರಥ್ರೆಡ್ ಇರುವ ಗಿಡ್ಡ ತುಂಡು) ಮತ್ತು ಒಂದು ಜಾಯಿಂಟಿನ ಖರ್ಚು ಉಳಿಯುತ್ತದೆ.

ಕವಲೊಡೆಯಲು ಟೀ. ಅಂಗಡಿಯಲ್ಲಿ ಕೇಳುವಾಗ ನೇರ ಸಾಗುವ ಎರಡು ತುದಿಯ ಅಳತೆ ಮೊದಲು, ಕವಲಿನದು ಕೊನೆಗೆ: ‘25-25-15ರ ಟೀ’. ಹೀಗೆ ರೆಡ್ಯೂಸಿಂಗ್ ಟೀ ಸಿಗುವಾಗ ದೊಡ್ಡ ಟೀ ತಂದು ಅದರೊಳಗೆ ಬಾಯಿ ಕಿರಿದು ಮಾಡುವ ಬುಷ್ ತುರುಕುವ ಅಗತ್ಯವಿಲ್ಲ.

ನೇರ ಜೋಡಿಸಲು ಸಾಕೆಟ್, ಸೈಜು ಬದಲಿಸಲು ರೆಡ್ಯೂಸಿಂಗ್ ಸಾಕೆಟ್, ತುದಿ ಮುಚ್ಚಲು ಕ್ಯಾಪ್ ಅಥವಾ ಪ್ಲಗ್. ಇವುಗಳಲ್ಲಿ ಗೊಂದಲವೇನಿಲ್ಲ. ನಿಪ್ಪಲ್‌ಗಳಲ್ಲಿ ನೋಡಬೇಕಾದ್ದಿದೆ. ನಡುವೆ ಆರು ಮೂಲೆ ಇರುವ ಹೆಕ್ಸ್ ನಿಪ್ಪಲ್ಲಿಗೆ ಸ್ಪ್ಯಾನರ್ ಕಚ್ಚುತ್ತದೆ, ಮುಂದೆ ಬಿಚ್ಚಲೂ ಸುಲಭ. ಪೈಪಿನ ತುಂಡಿಗೆ ಎರಡೂ ಕಡೆ ಥ್ರೆಡ್ ಕೊಯ್ದು ನಡುವೆ ಜಾಗವೇ ಉಳಿಯದ ಗಿಡ್ಡ ನಿಪ್ಪಲ್ ಎಲ್ಲಕ್ಕಿಂತ ದುರ್ಬಲ. ರೆಂಚ್ ಹಿಡಿಯಲು ಥ್ರೆಡ್ಡನ್ನೇ ಕಚ್ಚಬೇಕಾಗುತ್ತದೆ. ಒಂದು ಇಂಚಾದರೂ ಬರೀ ಪೈಪು ಉಳಿದಿರುವ ನಿಪ್ಪಲ್ ಕೇಳಿ, ಅದೂ ಹೆವಿ ಪೈಪಿನಿಂದ ಮಾಡಿದ್ದು.

ಯೂನಿಯನ್ ಬಗ್ಗೆ ಜಿಪುಣತನ ಬೇಡ. ಎರಡು ತುದಿಯೂ ಬಿಗಿದಿರುವ ಪೈಪನ್ನು ತಿರುಗಿಸಲಾಗದು: ಒಂದು ಕಡೆ ಬಿಚ್ಚಿಕೊಂಡರೆ ಇನ್ನೊಂದು ಕಡೆ ಬಿಗಿಯುತ್ತದೆ. ಹಾಗಾಗಿ ಯೂನಿಯನ್ ಇಲ್ಲದ ಲೈನಿನ ನಡುವೆ ಒಂದು ಎಲ್ಬೋ ಕೆಟ್ಟರೂ ತುದಿಯಿಂದ ಬಿಚ್ಚುತ್ತಾ ಬರಬೇಕು, ಇಲ್ಲವೇ ಗರಗಸ ಹಾಕಬೇಕು. ಮೋಟಾರಿನ ಎರಡೂ ಬದಿಗೆ, ಪ್ರತಿ ವಾಲ್ವಿನ ಹತ್ತಿರ, ಟ್ಯಾಂಕಿನ ಬುಡದಲ್ಲಿ, ಉದ್ದ ಲೈನಿನಲ್ಲಿ ಅಲ್ಲಲ್ಲಿ ಯೂನಿಯನ್ ಇರಲೇಬೇಕು. ಶಂಕುವಿನಾಕಾರದ ಸೀಟ್ ಇರುವ ಯೂನಿಯನ್ ಲೋಹಕ್ಕೆ ಲೋಹ ಒತ್ತಿ ಕೂರುತ್ತದೆ, ವಾಷರ್ ಬೇಡ. ಚಪ್ಪಟೆ ಸೀಟಿನದಕ್ಕೆ ವಾಷರ್ ಬೇಕು. ಯೂನಿಯನ್ನಿನ ನಟ್ಟಿನ ಥ್ರೆಡ್ಡಿಗೆ ಟೇಪು ಸುತ್ತುವವರಿದ್ದಾರೆ. ಅಲ್ಲಿ ನೀರು ತಡೆಯುವುದು ಸೀಟು, ಥ್ರೆಡ್ ಅಲ್ಲ, ಟೇಪಿನಿಂದ ಪ್ರಯೋಜನವಿಲ್ಲ.

ಅಂಗಡಿಯಲ್ಲಿ

ಎಸ್‌ಜೆಪಿ ರಸ್ತೆಯ ಪೈಪಿನ ಅಂಗಡಿಗಳಲ್ಲಿ ಒಂದೇ ಎಲ್ಬೋವನ್ನು ಮೂರು ನಾಲ್ಕು ದರದಲ್ಲಿ ಎದುರಿಗಿಡುತ್ತಾರೆ. ‘ಇದೂ ಅದೇ ಸಾರ್, ಕಂಪನಿ ಬೇರೆ ಅಷ್ಟೇ’ ಎಂಬ ಮಾತಿಗೆ ಒಪ್ಪಿಕೊಳ್ಳುವ ಮೊದಲು ಎರಡನ್ನೂ ಒಂದೊಂದು ಅಂಗೈಯಲ್ಲಿ ಹಿಡಿದು ನೋಡಿ. ತೂಕದ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಮೆತುವಾದ ಎರಕದ ಕಬ್ಬಿಣದ ಫಿಟಿಂಗ್‌ಗಳಿಗೆ ಐಎಸ್ 1879, ಉಕ್ಕಿನ ಫಿಟಿಂಗ್‌ಗಳಿಗೆ ಐಎಸ್ 1239ರ ಎರಡನೇ ಭಾಗ ಅನ್ವಯಿಸುತ್ತದೆ. ಐಎಸ್‌ಐ ಮುದ್ರೆಯ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಫಿಟಿಂಗ್ ಮೇಲೆ ಜಾಗವಿಲ್ಲದಿದ್ದರೆ ಡಬ್ಬಿಯ ಮೇಲೆ ಹುಡುಕಿ. ಭಾರತೀಯ ಮಾನಕ ಬ್ಯೂರೊದ ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಪರವಾನಗಿ, ಚಾಲ್ತಿಯಲ್ಲಿದೆಯೇ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಆಮೇಲೆ ಕಣ್ಣಿನ ಕೆಲಸ. ಫಳಫಳ ಹೊಳೆಯುವುದೆಲ್ಲ ಒಳ್ಳೆಯದಲ್ಲ. ಬಿಸಿ ಸತುವಿನಲ್ಲಿ ಅದ್ದಿದ್ದು ಸ್ವಲ್ಪ ಬೂದು, ದಪ್ಪ. ವಿದ್ಯುತ್ ಲೇಪನದ್ದು ನುಣುಪು, ಹೊಳಪು, ಆದರೆ ಪದರ ತೀರಾ ತೆಳು. ಫಿಟಿಂಗ್ ಬಾಯಿಯ ಸುತ್ತ ಉಬ್ಬಿದ ಅಂಚು ಪೂರ್ತಿಯಾಗಿರಬೇಕು. ಒಳಗೆ ಬೆರಳು ಹಾಕಿ ಎರಕದ ಮರಳು, ಸತುವಿನ ಗಂಟು, ಗುಳಿ ಇದೆಯೇ ನೋಡಿ. ಅಂಗಡಿಯಲ್ಲೇ ಒಂದು ಥ್ರೆಡ್ ಕೊಯ್ದ ಪೈಪಿನ ತುಂಡು ಕೇಳಿ ಕೈಯಿಂದ ತಿರುಗಿಸಿ: ಮೂರು ಸುತ್ತಿನ ಹತ್ತಿರ ಸರಾಗವಾಗಿ ಹೋಗಿ ಬಿಗಿಯಾಗಬೇಕು, ನೇರವಾಗಿ ನಿಲ್ಲಬೇಕು. ಕೊನೆಯವರೆಗೂ ಸಡಿಲವಾಗಿ ಓಡಿಹೋದರೆ ಅಥವಾ ಎಲ್ಬೋ ಓರೆಯಾಗಿ ಕೂತರೆ ವಾಪಸ್ ಇಟ್ಟುಬಿಡಿ.

ಇಲ್ಲಿಯ ಪೈಪಿನ ಥ್ರೆಡ್ ಬಿಎಸ್‌ಪಿ, ಅಂದರೆ ಬ್ರಿಟಿಷ್ ಪದ್ಧತಿಯದು. ಅರ್ಧ, ಮುಕ್ಕಾಲು ಇಂಚಿನ ಪೈಪಿಗೆ ಪ್ರತಿ ಇಂಚು ಉದ್ದದಲ್ಲಿ 14 ಸುತ್ತು. ಒಂದು ಇಂಚು ಮತ್ತು ಮೇಲಕ್ಕೆ 11. ಹೊರದೇಶದ ಫಿಲ್ಟರು, ಸಾಫ್ಟನರುಗಳಲ್ಲಿ ಅಮೆರಿಕದ ಎನ್‌ಪಿಟಿ ಥ್ರೆಡ್ ಇರಬಹುದು. ಅರ್ಧ ಇಂಚಿನಲ್ಲಿ ಎರಡಕ್ಕೂ 14 ಸುತ್ತೇ ಇರುವುದರಿಂದ ಒಂದರೊಳಗೊಂದು ಹೋಗಿಬಿಡುತ್ತದೆ, ಆದರೆ ಹಲ್ಲಿನ ಕೋನ ಒಂದರದ್ದು 55 ಡಿಗ್ರಿ, ಇನ್ನೊಂದರದ್ದು 60. ಎಷ್ಟು ಟೇಪು ಸುತ್ತಿದರೂ ಇವತ್ತಲ್ಲ ನಾಳೆ ಸೋರುತ್ತದೆ. ಅಡಾಪ್ಟರ್ ತನ್ನಿ.

ಸಂಪಿನಿಂದ ತಾರಸಿಗೆ: ಒಂದು ಲೈನನ್ನು ಕಟ್ಟೋಣ

ಬೆಂಗಳೂರಿನ ಮನೆಗಳಲ್ಲಿ ಜಿಐ ಹೆಚ್ಚು ಬಳಕೆಯಾಗುವುದು ಸಂಪಿನ ಮೋಟಾರಿನ ಬಳಿ. ಜಲಮಂಡಳಿಯ ಲೈನಿಗೆ ನೇರವಾಗಿ ಮೋಟಾರು ಜೋಡಿಸುವುದು ಕಾನೂನುಬಾಹಿರ. ಮೀಟರಿನ ಕಡೆಯ ಕೆಲಸ ಪರವಾನಗಿ ಪಡೆದ ಪ್ಲಂಬರಿಗೇ ಬಿಡಿ. ನೀರು ಸಂಪಿಗೆ ಬಿದ್ದ ನಂತರದ್ದು ನಿಮ್ಮ ಲೈನು.

ಸಂಪಿನ ತಳದಿಂದ ಅರ್ಧ ಅಡಿಯಾದರೂ ಮೇಲೆ ಫುಟ್ ವಾಲ್ವ್ (ಎಳೆದ ನೀರು ವಾಪಸ್ ಇಳಿಯದಂತೆ ತಡೆಯುವ ವಾಲ್ವ್), ಇಲ್ಲದಿದ್ದರೆ ಹೂಳು ಎಳೆಯುತ್ತದೆ. ಅಲ್ಲಿಂದ 25 ಮಿ.ಮೀ. ಪೈಪು ಮೇಲೆದ್ದು, ಒಂದು ಬೆಂಡ್ ತಿರುಗಿ, ಮೋಟಾರಿನ ಕಡೆಗೆ ತುಸು ಏರುತ್ತಾ ಬರಬೇಕು. ನಡುವೆ ಎಲ್ಲೂ ಗೂನು ಬೆನ್ನಿನಂತೆ ಎದ್ದು ಇಳಿಯಬಾರದು, ಅಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಯೂನಿಯನ್, ಹೆಕ್ಸ್ ನಿಪ್ಪಲ್, ಮೋಟಾರು.

ಈ ಎಳೆಯುವ ಬದಿಯ ಜಾಯಿಂಟುಗಳೇ ಅತ್ಯಂತ ಸೂಕ್ಷ್ಮ. ಇಲ್ಲಿ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಜಾಯಿಂಟ್ ಸಡಿಲವಿದ್ದರೆ ಮೋಟಾರು ಓಡುವಾಗ ನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಕಣ್ಣಿಗೆ ಒಂದು ಹನಿಯೂ ಕಾಣದೆ ಮೋಟಾರು ಮಾತ್ರ ಬರಿದೇ ಓಡುತ್ತದೆ, ದಿನಾ ಬೆಳಿಗ್ಗೆ ನೀರು ತುಂಬಿ ಚಾಲೂ ಮಾಡಬೇಕಾಗುತ್ತದೆ. ಮೋಟಾರು ಕೆಟ್ಟಿದೆ ಎಂದು ರಿವೈಂಡಿಂಗ್‌ಗೆ ಕೊಟ್ಟು ಬರುವ ಮೊದಲು ಈ ಜಾಯಿಂಟುಗಳ ಮೇಲೆ ಸೋಪಿನ ನೊರೆ ಹಚ್ಚಿ ನೋಡಿ. ಮೋಟಾರು ಓಡುವಾಗ ನೊರೆಯನ್ನು ಒಳಗೆಳೆದುಕೊಳ್ಳುವ ಜಾಗವೇ ತಪ್ಪಿತಸ್ಥ. ನಮ್ಮೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಶೇ 10 ಕಡಿಮೆ, ಅಲ್ಲಿ 10.3 ಮೀಟರಿರುವ ಸೈದ್ಧಾಂತಿಕ ಎಳೆತದ ಮಿತಿ ಇಲ್ಲಿ 9.2ರ ಆಸುಪಾಸು, ನಿಜದಲ್ಲಿ ಇನ್ನೂ ಕಡಿಮೆ.

ಮೋಟಾರಿನ ಮೇಲ್ಬದಿಗೆ ಹೆಕ್ಸ್ ನಿಪ್ಪಲ್, ಯೂನಿಯನ್, ನಾನ್ ರಿಟರ್ನ್ ವಾಲ್ವ್, ಗೇಟ್ ವಾಲ್ವ್, ಆಮೇಲೆ ಏರುವ ಪೈಪು. ಇದೇ ಕ್ರಮ ಇರಲಿ. ಮೋಟಾರು ಬಿಚ್ಚಬೇಕಾದಾಗ ಗೇಟ್ ವಾಲ್ವ್ ಮುಚ್ಚಿ ಯೂನಿಯನ್ ಬಿಚ್ಚಿದರೆ ಮೂರು ಮಹಡಿಯ ನೀರು ಕೆಳಗೆ ಸುರಿಯುವುದಿಲ್ಲ. ನಾನ್ ರಿಟರ್ನ್ ವಾಲ್ವಿನ ಮೇಲಿನ ಬಾಣದ ಗುರುತು ನೀರು ಹರಿಯುವ ಕಡೆಗಿರಬೇಕು. ತಾರಸಿಯಲ್ಲಿ ಎಲ್ಬೋ ಬದಲು ಬೆಂಡ್, ಟ್ಯಾಂಕಿನ ಹತ್ತಿರ ಯೂನಿಯನ್. ಪ್ಲಾಸ್ಟಿಕ್ ಟ್ಯಾಂಕಿನ ಮೈಗೆ ಜಿಐ ಪೈಪಿನ ಭಾರ ಬೀಳಲೇಬಾರದು. ಟ್ಯಾಂಕಿಗೆ ಒಂದು ಅಡಿ ಮೊದಲೇ ಕಟ್ಟೆ ಕಟ್ಟಿಯೋ ಕ್ಲ್ಯಾಂಪ್ ಹೊಡೆದೋ ಪೈಪನ್ನು ಕೂರಿಸಿ.

ಅಳೆಯುವುದು, ಕೊಯ್ಯುವುದು, ಥ್ರೆಡ್ ಹಾಕುವುದು

ಗೋಡೆಯ ಮೇಲೆ ನೀವು ಅಳೆಯುವುದು ಒಂದು ಫಿಟಿಂಗ್ ನಡುವಿನಿಂದ ಇನ್ನೊಂದರ ನಡುವಿಗೆ. ಪೈಪು ಕೊಯ್ಯಬೇಕಾದ ಉದ್ದ ಅದಕ್ಕಿಂತ ಕಡಿಮೆ. ಎಲ್ಬೋದ ನಡುವಿನಿಂದ ಬಾಯಿಯವರೆಗಿನ ಅಳತೆಯಲ್ಲಿ, ಪೈಪು ಒಳಗೆ ಹೋಗುವಷ್ಟನ್ನು ಕಳೆದರೆ ಬರುವ ಅಂಕಿಯನ್ನು ಎರಡೂ ತುದಿಗೆ ಬಿಡಬೇಕು. ಥ್ರೆಡ್ ಒಳಗೆ ಹೋಗುವುದು ಅರ್ಧ ಇಂಚಿಗೆ ಸುಮಾರು 13 ಮಿ.ಮೀ., ಮುಕ್ಕಾಲಿಗೆ 14.5, ಒಂದು ಇಂಚಿಗೆ 17. ಉದಾಹರಣೆಗೆ, ಅರ್ಧ ಇಂಚಿನ ಎಲ್ಬೋದ ನಡುವಿನಿಂದ ಬಾಯಿಗೆ 28 ಮಿ.ಮೀ. ಇದ್ದರೆ, 28ರಲ್ಲಿ 13 ಕಳೆದು 15. ಎರಡು ಎಲ್ಬೋಗಳ ನಡುಗಳ ಮಧ್ಯೆ 600 ಮಿ.ಮೀ. ಬೇಕಿದ್ದರೆ ಪೈಪು 570 ಮಿ.ಮೀ. ಕಂಪನಿಯಿಂದ ಕಂಪನಿಗೆ ಎಲ್ಬೋ ಅಳತೆ ತುಸು ಬದಲಾಗುವುದರಿಂದ ನಿಮ್ಮ ಕೈಲಿರುವುದನ್ನೇ ಅಳೆದುಕೊಳ್ಳಿ.

ಪೈಪನ್ನು ಪೈಪ್ ವೈಸಿಗೆ ಕಚ್ಚಿಸಿ. ಇಂಚಿಗೆ 24 ಹಲ್ಲಿನ ಹ್ಯಾಕ್ಸಾ ಬ್ಲೇಡಿನಿಂದ ಸೀದಾ ಕೊಯ್ಯಿರಿ. ಓರೆ ಕೊಯ್ದ ತುದಿಗೆ ಡೈ ಓರೆಯಾಗೇ ಏರುತ್ತದೆ. ಕೊಯ್ದ ನಂತರ ಒಳಗಿನ ಮುಳ್ಳನ್ನು ದುಂಡನೆಯ ಅರದಿಂದ ತೆಗೆಯಲೇಬೇಕು. ಆತುರದಲ್ಲಿ ಪ್ಲಂಬರುಗಳು ಬಿಟ್ಟುಬಿಡುವ ಕೆಲಸ ಇದು. ಆ ಮುಳ್ಳು ಪೈಪಿನ ದಾರಿಯನ್ನು ಕಿರಿದು ಮಾಡುತ್ತದೆ, ಸುಣ್ಣ ಕಟ್ಟಲು ಶುರುವಾಗುವುದೂ ಅಲ್ಲಿಂದಲೇ.

ಡೈ ಹಲ್ಲುಗಳು ಚೂಪಾಗಿರಬೇಕು. ಎಣ್ಣೆ ಬಿಡುತ್ತಾ ಇರಿ, ಅರ್ಧ ಸುತ್ತು ಮುಂದೆ ಹೋದರೆ ತುಸು ಹಿಂದೆ ತಿರುಗಿಸಿ ಚೂರುಗಳನ್ನು ಮುರಿಯಿರಿ. ಕುಡಿಯುವ ನೀರಿನ ಪೈಪಿಗೆ ಗ್ಯಾರೇಜಿನ ಸುಟ್ಟ ಎಂಜಿನ್ ಆಯಿಲ್ ಬೇಡ, ಥ್ರೆಡ್ ಕೊಯ್ಯುವ ಎಣ್ಣೆಯನ್ನೇ ಬಳಸಿ. ಥ್ರೆಡ್ ತುದಿಯಿಂದ ಹಿಂದಕ್ಕೆ ಸ್ವಲ್ಪ ಸ್ವಲ್ಪವೇ ದಪ್ಪವಾಗುತ್ತಾ ಹೋಗಬೇಕು, 16 ಮಿ.ಮೀ. ಉದ್ದಕ್ಕೆ ವ್ಯಾಸ 1 ಮಿ.ಮೀ. ಹೆಚ್ಚುವ ಓರೆ ಅದು. ಬಿಗಿತ ಹುಟ್ಟುವುದೇ ಆ ಓರೆಯಿಂದ. ಡೈಯನ್ನು ಬೇಕಾದ್ದಕ್ಕಿಂತ ಮುಂದೆ ಓಡಿಸಿದರೆ ತುದಿ ಸಮ ದಪ್ಪವಾಗಿ, ಫಿಟಿಂಗ್ ಎಷ್ಟು ತಿರುಗಿಸಿದರೂ ಬಿಗಿಯುವುದಿಲ್ಲ. ಮಿತಿ ತಿಳಿಯಲು ಆಗಾಗ ಫಿಟಿಂಗನ್ನು ಕೈಯಲ್ಲಿ ತಿರುಗಿಸಿ ನೋಡಿ: ಮೂರು ಸುತ್ತು ಹೋಗಿ ನಿಂತಿತೆಂದರೆ ಸಾಕು.

ವೆಲ್ಡಿಂಗ್ ಮಾಡಿ ಜೋಡಿಸೋಣ ಎಂಬ ಸಲಹೆ ಬಂದರೆ ಒಪ್ಪಬೇಡಿ. ಸತು 907 ಡಿಗ್ರಿಗೆ ಆವಿಯಾಗುತ್ತದೆ, ವೆಲ್ಡಿಂಗ್ ಕಾವು ಅದಕ್ಕಿಂತ ಎಷ್ಟೋ ಹೆಚ್ಚು. ಆ ಬಿಳಿ ಹೊಗೆ ಕುಡಿದವರಿಗೆ ಸಂಜೆ ಹೊತ್ತಿಗೆ ಚಳಿಜ್ವರ ಬರುತ್ತದೆ, ಸುಟ್ಟ ಜಾಗದಲ್ಲಿ ಒಳಗೂ ಹೊರಗೂ ಸತು ಉಳಿಯುವುದಿಲ್ಲ.

ಸೀಲ್ ಮಾಡುವುದು, ಬಿಗಿಯುವುದು

ಥ್ರೆಡ್ಡಿನ ಎಣ್ಣೆ, ಚೂರುಗಳನ್ನು ಬಟ್ಟೆಯಿಂದ ಪೂರ್ತಿ ಒರೆಸಿ. ಎರಡು ದಾರಿಗಳಿವೆ. ಅರ್ಧ, ಮುಕ್ಕಾಲು ಇಂಚಿನ ಚೊಕ್ಕ ಥ್ರೆಡ್ಡಿಗೆ ಟೆಫ್ಲಾನ್ ಟೇಪು ಸಾಕು. ಪೈಪಿನ ತುದಿ ನಿಮ್ಮ ಕಡೆಗಿರುವಂತೆ ಹಿಡಿದು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಎಳೆದು ಸುತ್ತಿ; ತಿರುಗುಮುರುಗಾಗಿ ಸುತ್ತಿದರೆ ಬಿಗಿಯುವಾಗ ಕಳಚಿಕೊಳ್ಳುತ್ತದೆ. ನಮ್ಮಲ್ಲಿ ಸಿಗುವ ತೆಳು ಟೇಪಾದರೆ ಆರೇಳು ಸುತ್ತು ಬೇಕು. ಮೊದಲ ಹಲ್ಲನ್ನು ಖಾಲಿ ಬಿಡಿ, ಇಲ್ಲವಾದರೆ ಟೇಪಿನ ಎಳೆ ನಲ್ಲಿಯ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಒಂದು ಇಂಚು ಮತ್ತು ಮೇಲ್ಪಟ್ಟದ್ದಕ್ಕೆ, ಮೋಟಾರಿನ ಜಾಯಿಂಟುಗಳಿಗೆ ನಾನು ನಾರು ಮತ್ತು ಪೇಸ್ಟನ್ನೇ ಇಷ್ಟಪಡುತ್ತೇನೆ. ಹ್ಯಾಕ್ಸಾ ಬ್ಲೇಡಿನ ಹಲ್ಲಿನಿಂದ ಥ್ರೆಡ್ಡಿನ ಮೇಲೆ ಅಡ್ಡಡ್ಡ ಗೀರಿ ಒರಟು ಮಾಡಿ, ನಾರಿನ ತೆಳು ಎಳೆಯನ್ನು ಹಲ್ಲಿನ ಜಾಡಿನಲ್ಲೇ ಸುತ್ತಿ, ಮೇಲೆ ಪೇಸ್ಟ್ ಸವರಿ. ದಪ್ಪ ಉಂಡೆಯಾಗುವಷ್ಟು ಬೇಡ. ಆದರೆ ಪೇಸ್ಟಿನ ಡಬ್ಬಿ ಓದಿಕೊಳ್ಳಿ: ಸಫೇದ ಎಂಬ ಹಳೇ ಕಾಲದ ಬಿಳಿ ಪೇಸ್ಟಿನಲ್ಲಿ ಸೀಸವಿರುತ್ತದೆ. ಕುಡಿಯುವ ನೀರಿಗೆ ಯೋಗ್ಯ ಎಂದು ಬರೆದಿರುವುದನ್ನೇ ತನ್ನಿ.

ಬಿಗಿಯಲು ಎರಡು ರೆಂಚ್ ಬೇಕು, ಒಂದು ತಿರುಗಿಸಲು, ಇನ್ನೊಂದು ಹಿಂದಿನ ಫಿಟಿಂಗ್ ಅಲುಗದಂತೆ ಹಿಡಿಯಲು. ಒಂದೇ ರೆಂಚಿನಲ್ಲಿ ಎಳೆದರೆ ಹಿಂದಿನ ಜಾಯಿಂಟು ಕದಲುತ್ತದೆ, ಅದು ಸೋರುವುದು ಗೋಡೆ ಮುಚ್ಚಿದ ಮೇಲೆ. ಒಂದು ಇಂಚಿನವರೆಗೆ 14 ಇಂಚಿನ ರೆಂಚ್ ಸಾಕು. ಕೈಬಿಗಿಯಾದ ಮೇಲೆ ಒಂದೂವರೆಯಿಂದ ಎರಡು ಸುತ್ತು. ಎರಡು ಮೂರು ಹಲ್ಲು ಹೊರಗೆ ಕಾಣುತ್ತಿರಬೇಕು. ಎಲ್ಬೋ ಬೇಕಾದ ದಿಕ್ಕನ್ನು ದಾಟಿ ಹೋದರೆ ಹಿಂದಕ್ಕೆ ತಿರುಗಿಸಬೇಡಿ, ಹಿಂದೆ ಬಂದ ಜಾಯಿಂಟು ಸೋರುತ್ತದೆ. ಪೂರ್ತಿ ಬಿಚ್ಚಿ, ಹಳೇ ನಾರು ಕಿತ್ತು, ಹೊಸದಾಗಿ ಸುತ್ತಿ.

ಪ್ಲಾಸ್ಟಿಕ್, ಹಿತ್ತಾಳೆಯ ಜೊತೆ

ಸಿಪಿವಿಸಿ ಫಿಟಿಂಗ್‌ನ ಬರೀ ಪ್ಲಾಸ್ಟಿಕ್ಕಿನ ಒಳಥ್ರೆಡ್ಡಿಗೆ ಜಿಐ ನಿಪ್ಪಲ್ ಬಿಗಿಯಬೇಡಿ. ಓರೆಯಾದ ಉಕ್ಕಿನ ಥ್ರೆಡ್ ಒಳಗೆ ಹೋದಷ್ಟೂ ಪ್ಲಾಸ್ಟಿಕ್ಕನ್ನು ಹೊರಕ್ಕೆ ಸೀಳುತ್ತದೆ, ಸೀಳು ಕಾಣಿಸಿಕೊಳ್ಳುವುದು ಕೆಲವು ವಾರಗಳ ನಂತರ. ಒಳಗೆ ಹಿತ್ತಾಳೆ ಕೂರಿಸಿರುವ ಅಡಾಪ್ಟರ್ ತನ್ನಿ, ಟೇಪು ಮಾತ್ರ ಬಳಸಿ, ಸೊಲ್ಯೂಷನ್ (ಪ್ಲಾಸ್ಟಿಕ್ ಪೈಪಿನ ಅಂಟು) ಹಚ್ಚುವ ಜಾಯಿಂಟನ್ನು ಥ್ರೆಡ್ ಬಿಗಿದ ನಂತರವೇ ಕೂಡಿಸಿ. ಹಿತ್ತಾಳೆ ನಲ್ಲಿ, ವಾಲ್ವುಗಳು ಜಿಐ ಲೈನಿನಲ್ಲಿ ಇರುವುದು ಸಾಮಾನ್ಯ, ಅದರಿಂದ ದೊಡ್ಡ ಅಪಾಯವಿಲ್ಲ. ಆದರೆ ಮೊದಲು ತುಕ್ಕು ಬರುವುದು ಹಿತ್ತಾಳೆಯ ಪಕ್ಕದ ನಿಪ್ಪಲ್ಲಿಗೇ. ಆ ನಿಪ್ಪಲ್ ಹೆವಿ ಇರಲಿ, ಬಿಚ್ಚಲು ಸುಲಭವಾಗುವ ಜಾಗದಲ್ಲಿರಲಿ.

ಕ್ಲ್ಯಾಂಪು, ಬಣ್ಣ, ಪರೀಕ್ಷೆ

ಅಡ್ಡ ಲೈನಿಗೆ ಸುಮಾರು 2 ಮೀಟರಿಗೊಂದು, ಏರುವ ಲೈನಿಗೆ ಎರಡೂವರೆ ಮೀಟರಿಗೊಂದು ಕ್ಲ್ಯಾಂಪು. ಗೋಡೆಗೆ ಅಂಟದಂತೆ ಬೆರಳು ಹೋಗುವಷ್ಟು ಸಂದು ಇರಲಿ, ಮಳೆನೀರು ಅಲ್ಲಿ ನಿಲ್ಲಬಾರದು.

ಹೊರಗೆ ಕಾಣುವ ಆ ಎರಡು ಮೂರು ಹಲ್ಲುಗಳಿಗೂ ರೆಂಚ್ ಕಚ್ಚಿದ ಗಾಯಗಳಿಗೂ ಅದೇ ದಿನ ಜಿಂಕ್ ರಿಚ್ ಪೇಂಟ್ ಹಚ್ಚಿ. ಇಡೀ ಕೆಲಸದಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಆಯುಷ್ಯ ಕೊಡುವ ಕೆಲಸ ಇನ್ನೊಂದಿಲ್ಲ. ನಾವು ಕೊಯ್ದು ತೆಗೆದ ಸತುವನ್ನು ಹಿಂದಿರುಗಿಸುವುದು ಇದೊಂದೇ. ಪೈಪಿಗೆ ಗೋಡೆಯ ಬಣ್ಣ ಹೊಡೆಸಬೇಕೆಂದಿದ್ದರೆ ಹೊಸ ಸತುವಿನ ಮೇಲೆ ನೇರವಾಗಿ ಎನಾಮೆಲ್ ಬಳಿಯಬೇಡಿ, ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಸತುವಿಗೆ ಹೊಂದುವ ಪ್ರೈಮರ್ ಮೊದಲು ಹಾಕಿ.

ಪರೀಕ್ಷೆಗೆ ಮುಂಚೆ ತುದಿಯ ನಲ್ಲಿ ಬಿಚ್ಚಿ ನೀರು ಹಾಯಿಸಿ, ಎಣ್ಣೆ ಮತ್ತು ಲೋಹದ ಪುಡಿ ಹೋಗಲಿ. ಆಮೇಲೆ ತುದಿಗಳಿಗೆ ಪ್ಲಗ್ ಹಾಕಿ ಕೈಪಂಪಿನಿಂದ ಒತ್ತಡ ಏರಿಸಿ. 10 ಮೀಟರ್ ನೀರಿನ ಎತ್ತರಕ್ಕೆ ಸುಮಾರು 1 ಕೆ.ಜಿ. (ಚದರ ಸೆಂಟಿಮೀಟರಿಗೆ) ಒತ್ತಡ. ಎರಡು ಮಹಡಿ ಮನೆಯ ಮೇಲಿನ ಟ್ಯಾಂಕಿನಿಂದ ನೆಲಮಹಡಿಯ ನಲ್ಲಿಗೆ ಬರುವುದು ಒಂದು, ಒಂದೂಕಾಲು ಕೆ.ಜಿ. ಅಷ್ಟೇ. ಆದರೂ ಮುಚ್ಚಿಹೋಗುವ ಲೈನಾದರೆ 5–6 ಕೆ.ಜಿ.ಗೆ ಏರಿಸಿ ಎರಡು ಗಂಟೆ ಬಿಡಿ, ಮುಳ್ಳು ಇಳಿಯಬಾರದು. ಪ್ರತಿ ಜಾಯಿಂಟಿನ ಕೆಳಗೆ ಒಣ ಕಾಗದ ಒತ್ತಿ ನೋಡಿ, ಕಣ್ಣಿಗೆ ಕಾಣದ ಜಿನುಗು ಕಾಗದಕ್ಕೆ ಗೊತ್ತಾಗುತ್ತದೆ.

ಹಳೇ ಮನೆಯ ಲೈನಿಗೆ ಕೈ ಹಾಕುವಾಗ

ಬಸವನಗುಡಿ, ಮಲ್ಲೇಶ್ವರ, ಜಯನಗರದ ಹಳೇ ಮನೆಗಳಲ್ಲಿ ಗೋಡೆಯೊಳಗೆ ಜಿಐ ಇನ್ನೂ ಇದೆ. ರೆಂಚ್ ಹಿಡಿಯುವ ಮುನ್ನ ಒಂದು ವಿಷಯ ಪರೀಕ್ಷಿಸಿ. ಕೆಲವು ಹಳೇ ಮನೆಗಳಲ್ಲಿ ಅರ್ಥಿಂಗ್ ವೈರನ್ನು ನೀರಿನ ಪೈಪಿಗೇ ಕಟ್ಟಿರುತ್ತಾರೆ. ನಡುವೆ ಒಂದು ಅಡಿ ಪ್ಲಾಸ್ಟಿಕ್ ಪೈಪು ಸೇರಿಸಿದರೂ ಮನೆಯ ಅರ್ಥಿಂಗ್ ಕಡಿದುಹೋಗುತ್ತದೆ; ಗೀಸರಿನಲ್ಲಿ ದೋಷವಿದ್ದರೆ ನಲ್ಲಿ ಮುಟ್ಟಿದವರ ಜೀವಕ್ಕೇ ಅಪಾಯ. ಮೊದಲು ಎಲೆಕ್ಟ್ರಿಷಿಯನ್ನರಿಂದ ಬೇರೆ ಅರ್ಥಿಂಗ್ ಮಾಡಿಸಿ, ಆಮೇಲೆ ಪೈಪು ಮುಟ್ಟಿ.

ಕಚ್ಚಿಕೊಂಡ ಫಿಟಿಂಗ್‌ಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ, ಬೆಳಿಗ್ಗೆ ಸುತ್ತಲೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಎರಡು ರೆಂಚಿನಲ್ಲಿ ಪ್ರಯತ್ನಿಸಿ. ಒಪ್ಪದಿದ್ದರೆ ಫಿಟಿಂಗ್‌ನ ಬಾಯಿಯನ್ನೇ ಹ್ಯಾಕ್ಸಾದಿಂದ ಉದ್ದಕ್ಕೆ ಸೀಳಿ, ಒಳಗಿನ ಪೈಪಿನ ಥ್ರೆಡ್ ಮುಟ್ಟುವ ಮುನ್ನ ನಿಲ್ಲಿಸಿ, ಉಳಿಯಿಂದ ಬಿಡಿಸಿ. ಬಲ ಹಾಕಿ ಎಳೆದರೆ ಮುರಿಯುವುದು ಗೋಡೆಯೊಳಗಿನ ಎಲ್ಬೋ.

ನೀರು ಸಣ್ಣಗೆ ಬರುತ್ತಿದೆ ಎಂದಾದರೆ ಮೊದಲು ನಲ್ಲಿಯ ಜಾಲರಿ, ಆಮೇಲೆ ಸ್ಟಾಪ್ ಕಾಕ್ ನೋಡಿ, ಕೊನೆಗೆ ನಲ್ಲಿಯ ಹಿಂದಿನ ನಿಪ್ಪಲ್ ಬಿಚ್ಚಿ ಟಾರ್ಚು ಬಿಟ್ಟು ನೋಡಿ. ಅರ್ಧ ಇಂಚಿನ ಪೈಪಿನಲ್ಲಿ ಕಿರುಬೆರಳು ತೂರದಷ್ಟು ದಾರಿ ಮಾತ್ರ ಉಳಿದಿದ್ದರೆ, ಅಥವಾ ಒಂದೇ ವರ್ಷದಲ್ಲಿ ಎರಡನೇ ಜಾಯಿಂಟು ಸೋರಿದ್ದರೆ, ತುಂಡು ರಿಪೇರಿಗೆ ಹಣ ಹಾಕಬೇಡಿ. ಹಳೇ ಲೈನಿನ ಎರಡೂ ತುದಿ ಬಿಚ್ಚಿ ಕ್ಯಾಪ್ ಹಾಕಿ ಗೋಡೆಯೊಳಗೇ ಬಿಡಿ, ಹೊಸ ಲೈನನ್ನು ಹೊರಗೋಡೆಯ ಮೇಲೆ ಕ್ಲ್ಯಾಂಪಿನಲ್ಲಿ ಇಳಿಸಿ. ಯೂನಿಯನ್, ವಾಲ್ವ್ ಎಲ್ಲೆಲ್ಲಿವೆ ಎಂದು ಕಾಣುವಂತೆ ಫೋಟೊ ತೆಗೆದು ಇಟ್ಟುಕೊಳ್ಳಿ; ಮುಂದಿನ ಸಲ ಬರುವ ಪ್ಲಂಬರಿಗೆ ಮೊದಲು ತೋರಿಸಬೇಕಾದ್ದು ಅದೇ.